ಹನ್ನೆರಡು ವಯರ್ ತುಂಡುಗಳು

ನಾಲ್ಕು ಗಂಟೆ ಹೊತ್ತು ಇಳಿಯಬೇಕಿದ್ದ ಔಷಧಿ ಇಪ್ಪತ್ತೇ ನಿಮಿಷದಲ್ಲಿ ಮುದುಕಿಯ ಮೈ ಸೇರಿತ್ತು. ಆ ಸಣ್ಣ ನರ್ಸಿಂಗ್ ಹೋಮಿನ ಮೂರನೇ ಮಂಚದಲ್ಲಿ ಆಕೆ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಪಕ್ಕದಲ್ಲಿ ಡ್ರಿಪ್ ಪಂಪ್ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಹಸಿರು ದೀಪ ಉರಿಸಿಕೊಂಡು ನಿಂತಿತ್ತು. ಡಾಕ್ಟರು ಆಗಲೇ ತೀರ್ಪು ಕೊಟ್ಟಾಗಿತ್ತು. ನರ್ಸ್ ತಪ್ಪು ಗುಂಡಿ ಒತ್ತಿದ್ದಾಳೆ, ಹಿಡಿದುಕೊಂಡು ಹೋಗಿ.

"ನಾನು ಸರಿಯಾಗೇ ಒತ್ತಿದ್ದೆ ಮೇಡಂ," ಎಂದಳು ನರ್ಸ್. "ಅದು ತಾನಾಗೇ ಓಡಿತು." ಆದರೂ ಪೇದೆ ಅವಳನ್ನು ಠಾಣೆಗೆ ಕರೆದೊಯ್ದ.

ಇನ್‌ಸ್ಪೆಕ್ಟರ್ ಪಂಪನ್ನು ಬೋರಲು ಹಾಕಿದಳು. ತಳದಲ್ಲಿದ್ದ ದೊಡ್ಡಾಸ್ಪತ್ರೆಯ ಹೆಸರು, ನಂಬರನ್ನು ಯಾರೋ ಕೆರೆದಿದ್ದರು, ಅದೂ ಅರೆಮನಸ್ಸಿನಿಂದ. ಓದಲು ಬರುತ್ತಿತ್ತು. ದೊಡ್ಡಾಸ್ಪತ್ರೆಗೆ ಫೋನ್ ಮಾಡಿದರೆ ಅಂಥ ಪಂಪ್ ಇಲ್ಲವೇ ಇಲ್ಲ ಎಂಬ ಉತ್ತರ. ಔಷಧಿ ಇಳಿಯುವ ವೇಗ ಕೆಡುತ್ತದೆಂದು ಅಂಥ ಹನ್ನೆರಡನ್ನು ಹೋದ ತಿಂಗಳೇ ಪುಡಿ ಮಾಡಿಯಾಗಿದೆಯಂತೆ. ಸರ್ಟಿಫಿಕೇಟೂ ಇದೆಯಂತೆ.

"ಪುಡಿಯಾದದ್ದು ನನ್ನ ಕೈಯಲ್ಲಿದೆ," ಎಂದು ಫೋನಿಟ್ಟಳು. ಬಿ.ಪಿ. ಇದೆ, ಸಿಟ್ಟು ಮಾಡಿಕೊಳ್ಳಬೇಡಿ ಎಂದು ಅವಳ ಡಾಕ್ಟರು ಹೇಳಿದ್ದರು. ಅವರಿಗೇನು, ಹೇಳಿಬಿಡುತ್ತಾರೆ. ಒಂದು ಇಲ್ಲಿದ್ದರೆ ಉಳಿದ ಹನ್ನೊಂದು ಈಗ ಯಾರ ತೋಳಿಗೆ ಅಂಟಿಕೊಂಡಿವೆ?

*

ದೊಡ್ಡಾಸ್ಪತ್ರೆಯ ಸ್ಟೋರ್‌ಕೀಪರನ್ನು ಎಲ್ಲರೂ ಜೋಪಾನಪ್ಪ ಎನ್ನುತ್ತಿದ್ದರು. ಬಂದ ಲಕೋಟೆಗಳನ್ನು ಒಳಮಗ್ಗುಲು ಹೊರಗಾಗುವಂತೆ ಮಡಿಸಿ ಮತ್ತೆ ಬಳಸುವವನು. ಬೆರಳಿಗೆ ಸಿಗದಷ್ಟು ಮೋಟಾದ ಪೆನ್ಸಿಲಿನಲ್ಲಿ ಬರೆಯುವವನು. ಅವನು ಹೆಮ್ಮೆಯಿಂದಲೇ ಫೈಲು ಬಿಚ್ಚಿದ. ಮೆಷಿನ್ನನ್ನು ಪುಡಿ ಮಾಡಲು ಗುಜರಿಯವನಿಗೆ ಕಳಿಸುವ ಮುನ್ನ ಅದರ ವಯರನ್ನು ಪ್ಲಗ್ಗಿನ ಸಮೇತ ಗೇಣುದ್ದ ಕತ್ತರಿಸಿ ಸರ್ಟಿಫಿಕೇಟಿಗೆ ಕಟ್ಟಬೇಕು. ಅದು ಅಲ್ಲಿಯ ನಿಯಮ. ಹನ್ನೆರಡು ಸರ್ಟಿಫಿಕೇಟ್, ಹನ್ನೆರಡು ತುಂಡು, ಕೆಳಗೆ ಮೂವರು ಅಧಿಕಾರಿಗಳ ಸಹಿ.

ಏನೇ ಆಗಿದ್ದರೂ ಗುಜರಿಯವನದೇ ಕೆಲಸ ಎಂದ ಜೋಪಾನಪ್ಪ. ಸಹಿ ಹಾಕಿದ ಮೂವರೂ ಅದನ್ನೇ ಹೇಳಿದರು. ಯಾರನ್ನು ಕೇಳಿದರೂ ಬೆರಳು ಇನ್ನೊಬ್ಬರ ಕಡೆಗೇ. ಇನ್‌ಸ್ಪೆಕ್ಟರ್ ಹಲ್ಲು ಕಚ್ಚಿಕೊಂಡು ಜೀಪು ಹತ್ತಿದಳು.

*

"ಎಲ್ಲಾ ಪಾಪಾನೂ ನನ್ನ ತಲೆಗೇ ಕಟ್ತಾರೆ," ಎಂದ ಗುಜರಿಯವನು. ಅವನೂ ರೋಸಿಹೋಗಿದ್ದ. "ಮೂಟೆ ಬಿಚ್ಚಿದ್ರೆ ಬರೀ ಟೇಬಲ್ ಫ್ಯಾನ್ ಚೂರು. ಚೀಟೀಲಿ ಪಂಪ್ ಅಂತ ಬರೆದಿತ್ತು. ದೊಡ್ಡೋರು ಹಾಗೇ ಅಂತಾರೇನೋ ಅಂದ್ಕೊಂಡು ಸುಮ್ಮನಾದೆ."

ಇನ್‌ಸ್ಪೆಕ್ಟರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

*

ಮತ್ತೆ ಸ್ಟೋರಿಗೆ ಬಂದು, ತಂದಿದ್ದ ಪಂಪನ್ನು ಫೈಲಿನ ಪಕ್ಕ ಇಟ್ಟಳು.

"ಪಂಪಿನ ಪ್ಲಗ್ಗಿಗೆ ಮೂರು ಪಿನ್ನು. ನಿಮ್ಮ ಫೈಲಿನ ತುಂಡುಗಳಿಗೆ ಎರಡೇ. ಇವೆಲ್ಲ ಫ್ಯಾನಿನ ವಯರು."

ಜೋಪಾನಪ್ಪ ಫೈಲು ಮುಚ್ಚಲು ಹೋದ. ಅವಳೇ ಬಿಡಿಸಿ ಹೇಳಿದಳು. ಗುಜರಿಯವನು ಕದ್ದಿದ್ದರೆ ಫೈಲಿನಲ್ಲಿ ಪಂಪಿನದೇ ತುಂಡು ಇರಬೇಕಿತ್ತು, ಯಾಕೆಂದರೆ ವಯರು ಕತ್ತರಿಸುವುದು ಸರಕು ಸ್ಟೋರು ಬಿಡುವ ಮೊದಲು. ಸ್ಟೋರಿನ ಬೀಗದ ಕೈ ಇರುವುದು ಒಬ್ಬನ ಹತ್ತಿರ. ಸಹಿ ಹಾಕಿದ ಮಹನೀಯರು ತುಂಡು ಹನ್ನೆರಡಿವೆಯೇ ಎಂದಷ್ಟೇ ಎಣಿಸಿದ್ದರು, ಕಣ್ಣುಬಿಟ್ಟು ನೋಡಿರಲಿಲ್ಲ.

"ಒಂದು ಕಾಸೂ ಮುಟ್ಟಿಲ್ಲ ಮೇಡಂ," ಎಂದ ಜೋಪಾನಪ್ಪ. "ಎಲ್ಲಾನೂ ಬಡ ಕ್ಲಿನಿಕ್ಕುಗಳಿಗೆ ಸುಮ್ಮನೆ ಕೊಟ್ಟೆ. ಹೊಸದರ ಹಾಗೆ ಹೊಳೀತಿದ್ವು. ಪುಡಿಗೆ ಕಳಿಸೋಕೆ ಮನಸ್ಸು ಬರಲಿಲ್ಲ."

"ಕೆಟ್ಟಿದೆ ಅಂತ ಚೀಟಿ ಅಂಟಿಸಿದ್ರಲ್ಲ?"

"ಸ್ವಲ್ಪ ಕೆಟ್ಟಿದೆ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಬಿ.ಪಿ. ಮಾತ್ರೆ ನುಂಗಿದಳು. ಪಂಪ್ ಕೊಟ್ಟ ವಿಳಾಸಗಳನ್ನು ಅವನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದ. ಒಂದೊಂದಕ್ಕೂ ಫೋನ್ ಹೋಯಿತು, ಹತ್ತು ಪಂಪುಗಳು ನಿಂತವು. ಹನ್ನೊಂದನೆಯದರ ವಿಳಾಸ ಇರಲಿಲ್ಲ.

ಜೋಪಾನಪ್ಪ ಮೋಟು ಪೆನ್ಸಿಲು ಕೆಳಗಿಟ್ಟ. "ಅದು ಅಕ್ಕನ ಮನೇಲಿದೆ. ಭಾವ ಹಾಸಿಗೆ ಹಿಡಿದಿದ್ದಾರೆ."

ಅವಳು ಅವನ ಕೈಗೇ ಫೋನ್ ತುರುಕಿದಳು. ಅಕ್ಕನ ದನಿ ಕೋಣೆಗೆಲ್ಲ ಕೇಳಿಸಿತು. ಪಂಪ್ ಚೆನ್ನಾಗಿ ನಡೆಯುತ್ತಿದೆ, ಈಗಷ್ಟೇ ಹೊಸ ಬಾಟಲಿ ಹಾಕಿದೆ ಎನ್ನುತ್ತಿದ್ದಳು.

"ಅಕ್ಕಾ, ಕೊಳವೆ ಕ್ಲಿಪ್ ಮುಚ್ಚು. ಪಂಪ್ ಆರಿಸು. ಮೊದಲು ಆ ಕೆಲಸ ಮಾಡು."

ಅಕ್ಕ ಓಡಿದ ಹೆಜ್ಜೆಸಪ್ಪಳ, ಕ್ಲಿಪ್ಪಿನ ಟಕ್ ಸದ್ದು. ಆಮೇಲೆ, "ಮುಚ್ಚಿದೆ. ನಿನ್ನ ಭಾವ ಚೆನ್ನಾಗೇ ಇದ್ದಾರೆ. ಯಾಕೋ, ಒಳ್ಳೇದು ಅಂತ ನೀನೇ ತಂದುಕೊಟ್ಟೆಯಲ್ಲ?"

"ಒಳ್ಳೇದಲ್ಲ ಅಕ್ಕಾ," ಎಂದ ಜೋಪಾನಪ್ಪ. "ನನಗೆ ಗೊತ್ತಿತ್ತು."

ಆ ಕಡೆಯಿಂದ ಫೋನ್ ಇಟ್ಟ ಸದ್ದು ಕೇಳಿಸಿತು.

ಅಷ್ಟರಲ್ಲಿ ನರ್ಸಿಂಗ್ ಹೋಮಿನಿಂದ ಸುದ್ದಿ ಬಂತು. ಮುದುಕಿ ಕಣ್ಣು ಬಿಟ್ಟು ನೀರು ಕೇಳಿದ್ದಳು. ನರ್ಸನ್ನು ಬಿಟ್ಟುಬಿಡಿ, ಕ್ಷಮೆಯನ್ನೂ ಕೇಳಿ ಎಂದು ಇನ್‌ಸ್ಪೆಕ್ಟರ್ ಠಾಣೆಗೆ ತಿಳಿಸಿದಳು. ಆಮೇಲೆ ಸಾಕ್ಷಿಗೆಂದು ಜೋಪಾನಪ್ಪನ ಮೇಜಿನ ಖಾನೆ ಎಳೆದಳು. ವಯರು ಕತ್ತರಿಸಲೆಂದೇ ಆಸ್ಪತ್ರೆ ಅವನಿಗೆ ಕೊಟ್ಟಿದ್ದ ಕಟರ್ ಅಲ್ಲಿತ್ತು, ಪಕ್ಕದಲ್ಲಿ ವಯರು ಕೊಯ್ದು ಮೊಂಡಾದ ಹಳೇ ಬ್ಲೇಡು. ಕಟರಿನ ಮೇಲಿನ ಪ್ಲಾಸ್ಟಿಕ್ ಕವರನ್ನು ಅವನು ಇನ್ನೂ ಬಿಚ್ಚಿರಲಿಲ್ಲ.