ಕೆಂಪಿ ಕೆರ್ಕೊಳ್ಳಲ್ಲ ಡಾಕ್ಟ್ರೇ!

"ಮೂಕಪ್ರಾಣಿ ಅಂತ ಏನ್ ಬೇಕಾದ್ರೂ ಬಳೀತೀರಾ? ಮನುಷ್ಯತ್ವ ಇದೆಯೇನ್ರೀ ನಿಮಗೆ?"

ಡಾಕ್ಟರು ಗದರಿದ್ದೇ ತಡ, ಮದ್ದೂರಿನ ಆ ಪುಟ್ಟ ಪಶು ಕ್ಲಿನಿಕ್‌ನಲ್ಲಿ ಕೂತಿದ್ದವರೆಲ್ಲ ಒಮ್ಮೆಲೇ ನಾಗಶ್ರೀಯತ್ತ ತಿರುಗಿದರು. ಅವಳ ಕಾಲ ಬಳಿ ಆರು ವರ್ಷದ ಹೆಣ್ಣುನಾಯಿ ಕೆಂಪಿ, ಮೈತುಂಬ ಟ್ರಾಕ್ಟರಿನ ಸುಟ್ಟ ಆಯಿಲ್ ಮೆತ್ತಿಸಿಕೊಂಡು ನಿಂತಿತ್ತು. ಎರಡೂ ಪಕ್ಕೆಯ ಕೂದಲು ಉದುರಿ, ಬಾಲ ಬೋಳಾಗಿತ್ತು.

ಬಳಿದದ್ದು ಅವಳಲ್ಲ! ಅವಳು ಮಂಡ್ಯದ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿಯಲ್ಲಿದ್ದಾಗ ಬೆಸಗರಹಳ್ಳಿಯ ಮನೆಯಲ್ಲಿ ಅಪ್ಪ ಅಂಕಯ್ಯ ಬಳಿದಿದ್ದ. ನಾಯಿಗೆ ಕಜ್ಜಿಯಾದರೆ ಸುಟ್ಟ ಆಯಿಲ್ ಬಳಿಯುವುದು ಊರಿನಲ್ಲಿ ಮೊದಲಿಂದಲೂ ನಡೆದುಬಂದದ್ದು. ಬೈಯುವ ಮೊದಲು ಒಂದು ಮಾತು ಕೇಳುವಷ್ಟು ತಾಳ್ಮೆಯಾದರೂ ಬೇಡವೇ ಈ ಡಾಕ್ಟರಿಗೆ?

"ರೀ, ಬಳಿದೋರು ಯಾರು ಅಂತ ಮೊದ್ಲು ಕೇಳಿ, ಆಮೇಲೆ ಬಯ್ಯಿರಿ! ಡ್ಯೂಟಿ ಬಟ್ಟೇಲೇ ಆಟೋ ಮಾಡ್ಕೊಂಡು ಓಡಿಬಂದಿರೋದು ನಿಮ್ಮ ಭಾಷಣ ಕೇಳಕ್ಕಲ್ಲ!"

ಡಾಕ್ಟರ್ ರವಿಚಂದ್ರ ತಿರುಗಿ ಅವಳನ್ನು ನೋಡಿದ. ಮಳವಳ್ಳಿ ಕಡೆಯವನು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವಳ ಬಿಳಿ ಯೂನಿಫಾರಂ ಮೇಲಿನ ಆಯಿಲ್ ಕಲೆ ಈಗ ಅವನಿಗೆ ಕಾಣಿಸಿತು.

"ಸಾರಿ... ಇದನ್ನ ನೆಕ್ಕಿದ್ರೆ ಹೊಟ್ಟೆಗೆ ವಿಷ. ಲಿವರ್ರೇ ಹೋಗ್ಬಿಡುತ್ತೆ. ಅದಕ್ಕೇ ಸಿಟ್ಟು ಬಂತು."

ಅಂಗಿಯ ತೋಳು ಮಡಚಿ ತಾನೇ ಶಾಂಪೂ ಹಾಕಿ ತೊಳೆಯತೊಡಗಿದ. ಕೆಂಪಿಯೋ, ಮಾನ ಮರ್ಯಾದೆಯಿಲ್ಲದೆ ಅವನ ಕೈಗೆ ಒರಗಿಯೇಬಿಟ್ಟಿತು! ನಾಗಶ್ರೀಯ ಕೋಪ ಅರ್ಧ ಅಲ್ಲೇ ಇಳಿಯಿತು.

"ಕಜ್ಜಿ ಹುಳಾನೇ ಇರ್ಬೇಕು. ದಿನಾ ಈ ಮಾತ್ರೆ, ವಾರಕ್ಕೆರಡು ಸಲ ಔಷಧಿ ಸ್ನಾನ."

"ಆದ್ರೆ ಕೆಂಪಿ ಕೆರ್ಕೊಳ್ಳಲ್ಲ ಡಾಕ್ಟ್ರೇ..."

ಅವನು ಚೀಟಿ ಬರೆಯುತ್ತಲೇ ಇದ್ದ.

ಆಮೇಲೆ ಪ್ರತಿ ಶನಿವಾರ ಕ್ಲಿನಿಕ್ಕು. ಕೆಂಪಿಯ ಮೈ ನೋಡಲು ಐದು ನಿಮಿಷ ಸಾಕು, ಇವರ ಮಾತಿಗೆ ಮಾತ್ರ ಒಂದು ಗಂಟೆ ಸಾಲುತ್ತಿರಲಿಲ್ಲ. ಅವನು ನಕ್ಕರೆ ಅವಳಿಗೆ ದಿನವೆಲ್ಲ ಅದೇ ನೆನಪು. 'ಥೂ, ನಾಯಿ ತೋರಿಸಕ್ಕೆ ಹೋಗಿ ಏನ್ ಮಾಡ್ಕೊಂಡೆ ನಾನು...' ಎಂದು ತನ್ನನ್ನೇ ಬೈದುಕೊಳ್ಳುವಳು.

ಆದರೆ ಎರಡು ತಿಂಗಳಾದರೂ ಒಂದು ಕೂದಲೂ ಹುಟ್ಟಲಿಲ್ಲ.

ಪಕ್ಕದ ಮನೆ ಮರಿತಾಯಮ್ಮ ಬೀದಿಯಲ್ಲೇ ನಿಂತು ಕೂಗಾಡಿದಳು. "ನಿಮ್ ನಾಯಿ ಕಜ್ಜಿ ನಮ್ ಮಕ್ಳಿಗೆ ಅಂಟ್ಕಂಡ್ರೆ ಯಾರವ್ವ ಒಣೆ?"

ಅಂಕಯ್ಯನೂ ಕೈಚೆಲ್ಲಿದ. "ಮುಂದಿನ್ ವಾರದ್ ಭಾನುವಾರದ ಒಳಗೆ ವಾಸಿ ಆಗ್ನಿಲ್ಲ ಅಂದ್ರೆ ಟೆಂಪೋಗಾಕಿ ದೂರ ನಾಲೆ ತಾವ ಬುಟ್ಬತ್ತೀನಿ ಕಣವ್ವ. ಊರೋರ ಬಾಯಿಗೆ ನನ್ ಕೈಲಿ ಆಗಾಕಿಲ್ಲ."

ಅಲ್ಲಿನ ನಾಯಿಗಳು ಕೆಂಪಿಯನ್ನು ಒಂದು ದಿನವೂ ಬದುಕಗೊಡುವುದಿಲ್ಲ ಎಂದು ನಾಗಶ್ರೀಗೆ ಗೊತ್ತಿತ್ತು. ಆ ಶನಿವಾರ ಕ್ಲಿನಿಕ್‌ಗೆ ಬಂದು ಅಪ್ಪನ ಮಾತು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಧೈರ್ಯ ಹೇಳಬೇಕಾದವನು ಏನು ಹೇಳಿದ ಗೊತ್ತೇ?

"ಮಾತ್ರೆ ಸರಿಯಾಗಿ ಕೊಟ್ಟಿದ್ರೆ ಇಷ್ಟೊತ್ತಿಗೆ ಕೂದಲು ಬರ್ಬೇಕಿತ್ತು. ಡ್ಯೂಟಿ ಗಡಿಬಿಡೀಲಿ ತಪ್ಪಿಸಿರ್ತೀರ. ನಿಜ ಹೇಳಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನಾನು ನರ್ಸು ರೀ! ದಿನಾ ವಾರ್ಡ್ ತುಂಬ ಜನಕ್ಕೆ ಹೊತ್ತೊತ್ತಿಗೆ ಮಾತ್ರೆ ಕೊಡೋಳು. ನನ್ ನಾಯಿಗೆ ತಪ್ಪಿಸ್ತೀನಾ? ಕೆರ್ಕೊಳ್ಳಲ್ಲ ಅಂದೆ. ತಿನ್ನೋದು ಕಮ್ಮಿ, ಆದ್ರೂ ದಪ್ಪ ಆಗ್ತಿದೆ ಅಂದೆ. ಹೊತ್ತಾರೆಯಿಂದ ಒಲೆ ಮಗ್ಗುಲು ಬಿಟ್ಟು ಏಳಲ್ಲ ಅಂದೆ. ಒಂದಾದ್ರೂ ಕಿವಿಗೆ ಹಾಕ್ಕೊಂಡ್ರಾ?"

"ನಾಗಶ್ರೀ, ನಾನು..."

"ನನ್ ಮಾತು ನಂಬಬೇಡಿ! ಇದರ ರಕ್ತ ತೆಗೆದು ಲ್ಯಾಬಿಗೆ ಕಳಿಸಿ. ಅದನ್ನಾದ್ರೂ ನಂಬಿ!"

ಅವನು ಸಿರಿಂಜು ತಂದು ರಕ್ತ ತೆಗೆದ. ಆಟೋದಲ್ಲಿ ಕೆಂಪಿಯ ಬೋಳು ಬೆನ್ನು ಸವರುತ್ತಾ ಅವಳು ಅತ್ತೇ ಅತ್ತಳು. 'ಯಾರ ಮೇಲೆ ಮನಸ್ಸಿಟ್ಟೆನೋ ಅವನಿಗೇ ನಾನು ಸುಳ್ಳಿ!' ಆ ವಾರವಿಡೀ ಅವನ ಫೋನು ಬರುತ್ತಲೇ ಇತ್ತು. ಅವಳು ಎತ್ತಲಿಲ್ಲ. ಯಾಕೆ ಎತ್ತಬೇಕು?

ಭಾನುವಾರ ಬೆಳಿಗ್ಗೆ ಟೆಂಪೋ ಬಾಗಿಲಿಗೆ ಬಂದು ನಿಂತಿತು. ಅಂಕಯ್ಯ ಹಗ್ಗ ಹಿಡಿದು ಬಂದಾಗ ನಾಗಶ್ರೀ ಕೆಂಪಿಯನ್ನು ತಬ್ಬಿ ನೆಲದಲ್ಲೇ ಕೂತಳು.

"ನನ್ನೂ ಹತ್ತಿಸು ಅಪ್ಪಾ. ಇದನ್ನೊಂದನ್ನೇ ಕಳ್ಸಲ್ಲ."

"ಅಟ ಮಾಡ್ಬ್ಯಾಡ ಬುಡವ್ವ..."

ಅಷ್ಟರಲ್ಲಿ ಬೈಕೊಂದು ಗಕ್ಕನೆ ನಿಂತಿತು. ರವಿಚಂದ್ರ! ಕೈಯಲ್ಲಿ ಲ್ಯಾಬಿನ ಕಾಗದ.

"ನಿಲ್ಲಿ ಯಜಮಾನ್ರೇ! ನಿನ್ನೆ ಸಾಯಂಕಾಲ ರಿಪೋರ್ಟ್ ಬಂತು. ಇದು ಕಜ್ಜಿ ಅಲ್ಲ, ಥೈರಾಯ್ಡು ಕಮ್ಮಿ ಆಗಿರೋದು. ಕೂದಲು ಉದುರೋದು, ದಪ್ಪ ಆಗೋದು, ಚಳಿ ತಡೀದೆ ಒಲೆ ಮಗ್ಗುಲು ಬಿಡದೇ ಇರೋದು ಎಲ್ಲಾ ಅದರಿಂದಾನೇ. ಮನುಷ್ಯರಿಗೆ ಬರೋ ಹಾಗೇ ನಾಯಿಗೂ ಬರುತ್ತೆ. ಯಾರಿಗೂ ಅಂಟಲ್ಲ. ಇದಕ್ಕೆ ಬೇರೆ ಮಾತ್ರೆ ಇದೆ, ದಿನಾ ತಪ್ಪದೆ ಕೊಟ್ರೆ ಎರಡು ಮೂರು ತಿಂಗಳಲ್ಲಿ ಕೂದಲು ಬರುತ್ತೆ."

ಮರಿತಾಯಮ್ಮ ಸುಮ್ಮನಿರುವವಳೇ? "ಅಂಗಾರೆ ಇಷ್ಟ್ ದಿನ ಕಜ್ಜಿಗೆ ಯಾಕಪ್ಪ ಔಸ್ದಿ ಕೊಟ್ಟೆ?"

ಬೀದಿಗೆ ಬೀದಿಯೇ ನೋಡುತ್ತಿತ್ತು. ರವಿಚಂದ್ರ ತಲೆ ತಗ್ಗಿಸಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ.

"ತಪ್ಪು ನನ್ನದು ಕಣಮ್ಮ. ಇವರು ಮೊದಲನೇ ದಿನವೇ ಸರಿಯಾಗಿ ಹೇಳಿದ್ರು. ನಾನು ಕೇಳಿಸ್ಕೊಳ್ಳಲಿಲ್ಲ. ಸಾಲದು ಅಂತ, ಮಾತ್ರೆ ಕೊಟ್ಟಿಲ್ಲ ಅಂತ ಇವರ ಮೇಲೇ ತಪ್ಪು ಹೊರಿಸಿದೆ."

ಅಂಕಯ್ಯನ ಕೈಯಿಂದ ಹಗ್ಗ ಜಾರಿತು. "ನಾನೂ ನಿನ್ ಮಾತ ಕೇಳ್ನಿಲ್ಲ ಕಣವ್ವ," ಎಂದು ಟೆಂಪೋದವನನ್ನು ವಾಪಸ್ ಕಳಿಸಿ ಒಳಗೆ ಹೋದ. ಜನರೂ ಚೆದುರಿದರು.

ನಾಗಶ್ರೀ ಮಾತ್ರ ಎದ್ದೇಳಲಿಲ್ಲ. "ಬೀದೀಲಿ ತಪ್ಪು ಒಪ್ಕೊಂಡ್ರೆ ಎಲ್ಲಾ ಆಗೋಯ್ತಾ? ಎಷ್ಟು ನೋವಾಯ್ತು ಗೊತ್ತಾ ನಂಗೆ?"

"ಗೊತ್ತು." ಅವನು ಅವಳೆದುರು ಮಣ್ಣಿನಲ್ಲೇ ಕೂತ. "ಬಯ್ಯಿರಿ. ಎಷ್ಟೊತ್ತಾದ್ರೂ ಕೂತು ಕೇಳ್ತೀನಿ. ಈ ವಾರ ನಿಮ್ಮ ದನಿ ಇಲ್ದೆ ನಂಗೆ ಊಟ ಸೇರಲಿಲ್ಲ... ನೀವಂದ್ರೆ ನಂಗೆ ಇಷ್ಟ ನಾಗಶ್ರೀ."

ಅವಳು ಕೆಂಪಿಯನ್ನು ಬಿಟ್ಟು ಅವನತ್ತ ತಿರುಗಿದಳು. ಕೋಪ ಇನ್ನೂ ಇತ್ತು, ಆದರೆ ಕಣ್ಣು ತುಂಬಿ ಬಂದಿತ್ತು.

"ನಂಗೂ ನೀವಂದ್ರೆ ಇಷ್ಟ. ಇದನ್ನೂ ಟೆಸ್ಟ್ ಮಾಡಿಸಿ ನೋಡ್ತೀರಾ?"

"ಬೇಡ," ಎಂದ ಅವನು. "ನೀವು ಹೇಳಿದ್ರಲ್ಲ, ಸಾಕು."