ಶಂಭುಲಿಂಗ ಲಾಗೌಟ್ ಮಾಡಲಿಲ್ಲ

"ನೀವು ಅದನ್ನ ಆಫ್ ಮಾಡಿ ಆನ್ ಮಾಡೀರಿ. ಹೌದೋ ಅಲ್ಲೋ?"

"ಇಲ್ರಿ ಮೇಡಂ. ನಾನು ಮುಟ್ಟೇ ಇಲ್ಲ."

"ಮುಟ್ಟದಿದ್ರ ಅದ್ಹೆಂಗ ಸಾಯ್ತದ್ರಿ?"

ಅಪೇಕ್ಷಾಳ ದನಿ ಮೊಬೈಲಿನಿಂದ ಹೊರಬಿದ್ದು ಸಂಡೂರಿನ ಯಾರ್ಡ್ ಆಫೀಸಿನ ತುಂಬ ಕೇಳಿಸಿತು. ಶಂಭುಲಿಂಗ ಫೋನನ್ನು ಕಿವಿಯಿಂದ ತುಸು ದೂರ ಹಿಡಿದು ನಕ್ಕ. ಬೈಸಿಕೊಳ್ಳುತ್ತ ನಗುವ ಗಂಡಸು ಒಂದೋ ದಡ್ಡನಾಗಿರಬೇಕು, ಇಲ್ಲವೇ ಪ್ರೀತಿಯಲ್ಲಿ ಬಿದ್ದಿರಬೇಕು. ಶಂಭುಲಿಂಗ ದಡ್ಡನಲ್ಲ.

ಅವನು ಅದಿರು ಕಂಪನಿಯೊಂದರ ವೇಬ್ರಿಡ್ಜ್ ಇನ್‌ಚಾರ್ಜ್. ಲಾರಿ ಬಂದು ನಿಂತರೆ ತೂಕ ಪಕ್ಕದ ಸರ್ವರಿಗೆ ಹೋಗಿ ಸ್ಲಿಪ್ ಹೊರಬರಬೇಕು. ಸ್ಲಿಪ್ ಇಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಆ ಸರ್ವರನ್ನು ನೋಡಿಕೊಳ್ಳುವವಳು ಹೊಸಪೇಟೆಯ ಹೆಡ್ಡಾಫೀಸಿನಲ್ಲಿ ಕೂರುವ ಅಪೇಕ್ಷಾ. ಅವಳು ಕೆಲಸಕ್ಕೆ ಸೇರಿದಾಗಿನಿಂದ ಇಬ್ಬರೂ ದಿನಾ ಫೋನಿನಲ್ಲಿ ಜಗಳವಾಡುತ್ತಾರೆ. ಒಬ್ಬರ ಮುಖ ಒಬ್ಬರು ಇನ್ನೂ ನೋಡಿಲ್ಲ.

ಆ ಬೆಳಿಗ್ಗೆ ಅವಳು ತೂಕದ ಪ್ರೋಗ್ರಾಂ ನಿಲ್ಲಿಸಿ, ಹೊಸಪೇಟೆಯಿಂದಲೇ ಸಂಡೂರಿನ ಸರ್ವರಿನ ಸಿಸ್ಟಂ ಲೈಬ್ರರಿಯನ್ನು ಅಪ್‌ಗ್ರೇಡ್ ಮಾಡುತ್ತಿದ್ದಳು. ಯಂತ್ರದ ಪ್ರತಿಯೊಂದು ಪ್ರೋಗ್ರಾಮೂ ಏಳುವ ಮೊದಲು ಹುಡುಕುವುದು ಆ ಲೈಬ್ರರಿಯನ್ನೇ. ಮನೆಯ ಅಡುಗೆಗೆಲ್ಲ ಒಂದೇ ಉಪ್ಪಿನ ಡಬ್ಬಿ ಇದ್ದ ಹಾಗೆ. ಕೆಲಸ ಅರ್ಧವಾಗಿದ್ದಾಗ ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ಕೇಬಲ್ಲನ್ನು ಕಿತ್ತುಹಾಕಿತು. ಲೈನು ಹೋಯಿತು. ಹಳೆಯ ಲೈಬ್ರರಿ ಡಿಸ್ಕಿನಲ್ಲೇ ಇತ್ತು. ಆದರೆ ಡಬ್ಬಿಯ ಮೇಲಿನ ಚೀಟಿಯಂತೆ ಅದನ್ನು ತೋರಿಸಬೇಕಾದ ಹೆಸರು ಈಗ ಅರ್ಧ ಬಂದು ನಿಂತ ಹೊಸದನ್ನು ತೋರಿಸುತ್ತಿತ್ತು.

ಇನ್ನು ಯಾರೂ ಹೊಸದಾಗಿ ಲಾಗಿನ್ ಆಗುವಂತಿಲ್ಲ. ರೀಸ್ಟಾರ್ಟ್ ಮಾಡಿದರೆ ಯಂತ್ರ ಏಳುವುದೇ ಇಲ್ಲ. ಸಿಡಿಯಿಂದ ಎಬ್ಬಿಸೋಣವೆಂದರೆ ಅದರ ಸಿಡಿ ಡ್ರೈವು ಕೆಂಪು ಧೂಳು ತಿಂದು ಎಂದೋ ಕೆಟ್ಟಿತ್ತು.

"ಸ್ಕ್ರೀನ್ ಮ್ಯಾಲೆ ಏನದ ನೋಡ್ರಿ. ಲಾಗಿನ್ ಕೇಳ್ಲಿಕ್ಕೆ ಹತ್ತದೇನು?"

"ಇಲ್ರಿ. ನಿನ್ನೆ ಸಂಜಿದ್ದು ಹಂಗ ಐತಿ."

ನಿನ್ನೆ ಸಂಜೆ ಡಿಸ್ಕಿನಲ್ಲಿ ಜಾಗ ಮಾಡಲೆಂದು ಅವಳೇ ಅವನ ಕೈಯಿಂದ ಹಳೆಯ ಫೈಲುಗಳನ್ನು ಅಳಿಸಿಹಾಕಿಸಿದ್ದಳು. ಮುಗಿದ ಮೇಲೆ ಲಾಗೌಟ್ ಮಾಡಿ ಎಂದು ಎರಡೆರಡು ಸಲ ಹೇಳಿದ್ದಳು.

"ಲಾಗೌಟ್ ಮಾಡೇ ಇಲ್ಲ?"

"ಇಲ್ರಿ."

"ಕೊನೀ ಸಾಲಿನ ತುದೀಗೆ ಏನದ?"

"ಹ್ಯಾಶ್ ಐತ್ರಿ."

ಸಾಲಿನ ತುದಿಗೆ ಹ್ಯಾಶ್ ಗುರುತು (#) ಇದೆ ಅಂದರೆ ಆ ಸ್ಕ್ರೀನಿಗೆ ಯಂತ್ರದ ಯಜಮಾನಿಕೆ ಇದೆ ಎಂದರ್ಥ. ಲೈಬ್ರರಿ ಹಾಳಾಗುವ ಮೊದಲೇ ಎದ್ದು ಕೂತಿದ್ದ ಅದೊಂದು ಸ್ಕ್ರೀನು ಮಾತ್ರ ಇನ್ನೂ ಜೀವ ಹಿಡಿದಿತ್ತು. ಅಪೇಕ್ಷಾಳಿಗೆ ಹೋದ ಉಸಿರು ತಿರುಗಿ ಬಂತು.

"ಶಂಭುಲಿಂಗ ಅವರೇ, ಅದನ್ನ ಮುಟ್ಟಬೇಡ್ರಿ. ಯಾರಿಗೂ ಮುಟ್ಟಗೊಡಬೇಡ್ರಿ. ಕರೆಂಟೂ ಹೋಗಬಾರ್ದು. ನಾನು ಹೊಂಟೆ."

"ಕರೆಂಟು ನನ್ನ ಕೇಳಿ ಹೋಗ್ತೈತೇನ್ರಿ?"

"ಇವತ್ತು ಕೇಳೋ ಹಂಗ ಮಾಡ್ರಿ!"

ಅವಳ ಗಡಿಬಿಡಿಗೆ ಕಾರಣವಿತ್ತು. ಯಾರ್ಡ್ ಮ್ಯಾನೇಜರ್ ವಿರೂಪಾಕ್ಷಪ್ಪ ಆಗಲೇ ದೊಡ್ಡ ಸಾಹೇಬರಿಗೆ ದೂರು ಕೊಟ್ಟಿದ್ದ. ಸಂಜೆಯೊಳಗೆ ಲಾರಿ ತೂಗದಿದ್ದರೆ ಬಳ್ಳಾರಿಯ ಬೇರೆ ಕಂಪನಿಯವರ ಯಂತ್ರ ತರಿಸುವುದು, ಈ ಹುಡುಗಿಯನ್ನು ಮನೆಗೆ ಕಳಿಸುವುದು ಎಂದು ಸಾಹೇಬರು ಹೇಳಿಬಿಟ್ಟಿದ್ದರು. ಮನೆಯಲ್ಲಿ ಅಪ್ಪ ಪ್ರಭಂಜನಾಚಾರ್ಯರ ಕರಾರು ಬೇರೆ ಇತ್ತು. ಕೆಲಸ ಇರುವ ತನಕ ಮದುವೆ ವಿಷಯದಲ್ಲಿ ನಿನ್ನ ಮಾತು, ಕೆಲಸ ಬಿಟ್ಟ ದಿನದಿಂದ ನನ್ನ ಮಾತು ಎಂದಿದ್ದರು ಅವರು. ಅವರು ಆರಿಸಿಟ್ಟ ಗಂಡು ಊಟಕ್ಕೆ ಕೂತಾಗಲೂ ತನ್ನ ಸಂಬಳದ ವಿಷಯವನ್ನೇ ಮಾತಾಡುವವನು. ಅಪೇಕ್ಷಾ ಕಂಪನಿಯ ಜೀಪು ಹತ್ತಿದಾಗ ಅವಳ ಕಣ್ಣ ಮುಂದೆ ಇದ್ದದ್ದು ಅವನೇ.

ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಜೀಪು ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು.

ಇತ್ತ ಶಂಭುಲಿಂಗ ಸರ್ವರಿನ ಮುಂದೆ ಕುರ್ಚಿ ಅಡ್ಡ ಹಾಕಿ ಕೂತಿದ್ದ. ವಿರೂಪಾಕ್ಷಪ್ಪ ಬಂದು ಸ್ವಿಚ್ಚಿಗೇ ಕೈ ಹಾಕಿದ.

"ಏ, ಒಂದ್ಸಲ ಆಫ್ ಮಾಡಿ ಆನ್ ಮಾಡಲೇ. ನಮ್ಮನಿ ಟಿವಿ ಹಂಗ ಸುದ್ದ ಆಗ್ತೈತಿ."

"ಬ್ಯಾಡ್ರಿ ಸರ್. ಮೇಡಂ ಬರಾಕತ್ತಾರ."

"ನಾ ಮ್ಯಾನೇಜರೋ, ಆಕಿ ಮ್ಯಾನೇಜರೋ?"

"ನೀವ ರೀ. ಆದ್ರ ಕೈ ತಗೀರಿ."

ಅಷ್ಟರಲ್ಲೇ ಕರೆಂಟು ಹೋಯಿತು. ಯುಪಿಎಸ್ ಕುಂಯ್ ಎನ್ನತೊಡಗಿತು. ಜನರೇಟರಿನ ಟ್ಯಾಂಕು ಒಣಗಿತ್ತು. ಡೀಸೆಲ್ ತರಲು ಬಂಕಿಗೆ ಹೋಗೋಣವೆಂದರೆ ರಸ್ತೆಯೇ ಜಾಮು. ಶಂಭುಲಿಂಗ ಹೊರಗೋಡಿ, ಸಾಲಿನಲ್ಲಿ ಮೊದಲು ನಿಂತಿದ್ದ ಲಾರಿಯ ಅಂದಾನಪ್ಪನ ಮುಂದೆ ಕೈ ಮುಗಿದ.

"ಅಣ್ಣಾ, ಒಂದೀಟು ಡೀಸೆಲ್ ಕೊಡು. ಮಷಿನ್ ಸತ್ರ ನೀವೂ ಇಲ್ಲೇ, ನಾನೂ ಇಲ್ಲೇ."

ಅಂದಾನಪ್ಪ ಅವನ ಮುಖ ನೋಡಿದ. "ಬರೇ ಮಷಿನ್ ಸಲುವಾಗಿ ಇಷ್ಟು ಬೆವರಂಗಿಲ್ಲ ನೀನು," ಎಂದು ಪೈಪು ಹುಡುಕಿದ. ಒಬ್ಬ ಕೊಟ್ಟದ್ದು ನೋಡಿ ಹಿಂದಿನವನೂ ಕೊಟ್ಟ, ಅವನ ಹಿಂದಿನವನೂ ಕೊಟ್ಟ. ಜನರೇಟರು ಕೆಮ್ಮಿ, ಉಗುಳಿ, ಕೊನೆಗೂ ಗುಡುಗಿತು. ಶಂಭುಲಿಂಗ ಒಳಗೆ ಬಂದು ನೋಡಿದರೆ ಹ್ಯಾಶ್ ತನ್ನ ಜಾಗದಲ್ಲೇ ಇತ್ತು.

ಅಪೇಕ್ಷಾ ಜೀಪಿನಿಂದ ಇಳಿದಾಗ ತಲೆಯಿಂದ ಕಾಲಿನವರೆಗೆ ಕೆಂಪಾಗಿದ್ದಳು. ಕನ್ನಡಕ ತೆಗೆದು ಒರೆಸಿಕೊಂಡಳು. ಅವಳ ನಿಜವಾದ ಬಣ್ಣ ಕಣ್ಣಿನ ಸುತ್ತ ಮಾತ್ರ ಉಳಿದಿತ್ತು. ಇಷ್ಟು ದಿನ ಬೈದ ಬಾಯಿ ಇದೇನಾ ಎಂದು ಶಂಭುಲಿಂಗ ನೋಡಿಯೇ ನೋಡಿದ. ಇಷ್ಟು ದಿನ ಬೈಸಿಕೊಂಡವನು ಇಷ್ಟು ಎತ್ತರ ಇದ್ದಾನಾ ಎಂದು ಅವಳೂ ನೋಡಿದಳು. ಅವನ ಅಂಗಿಯೆಲ್ಲ ಡೀಸೆಲ್ ವಾಸನೆ.

"ನೋಡಿದ್ದು ಆತೇನ್ರಿ?" ಅಂದಳು.

"ಇಲ್ರಿ," ಅಂದ ಅವನು, ಭಾಳ ಪ್ರಾಮಾಣಿಕವಾಗಿ.

ಅವಳು ನಗು ನುಂಗಿ ಸ್ಕ್ರೀನಿನ ಮುಂದೆ ಕೂತಳು. ಕೂತವಳು ಹಾಗೇ ಉಳಿದಳು.

ಹ್ಯಾಶ್‌ಗಿಂತ ಮೇಲೆ, ಕಪ್ಪು ಪರದೆಯ ಮೇಲೆ, ನಿನ್ನೆ ಅವಳೇ ಹೊಸಪೇಟೆಯಿಂದ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದ ಸಾಲಿತ್ತು. 'ಭಾಳ ಚಂದ ಕೆಲಸ ಮಾಡಿದ್ರಿ. ಊಟ ಮಾಡಿ ಮಲಗ್ರಿ, ನಾಳೆ ಜಗಳಾಡೋಣಂತ.' ಲಾಗೌಟ್ ಮಾಡಿದ್ದರೆ ಪರದೆ ಖಾಲಿಯಾಗಿ ಆ ಸಾಲು ಹೋಗಿಬಿಡುತ್ತಿತ್ತು.

"ಯಾಕ ಲಾಗೌಟ್ ಮಾಡ್ಲಿಲ್ಲ?" ತಿರುಗಿ ನೋಡದೆ ಕೇಳಿದಳು.

"ಮರ್ತೆ ರೀ."

"ಸುಳ್ಳು."

"ಹೂಂ ರೀ. ಸುಳ್ಳ."

ಅವಳ ಕಿವಿಗಳು ಧೂಳಿಗಿಂತ ಕೆಂಪಾದವು. ಆದರೆ ಅದಕ್ಕೆ ಈಗ ಸಮಯವಿರಲಿಲ್ಲ. ಫೈಲು ತೋರಿಸುವ ಕಮಾಂಡು ಕೊಟ್ಟಳು, ಏಳಲಿಲ್ಲ. ಕಾಪಿ ಮಾಡುವುದು ಕೊಟ್ಟಳು, ಅದೂ ಏಳಲಿಲ್ಲ. ಎರಡಕ್ಕೂ ಅದೇ ಉತ್ತರ, ಲೈಬ್ರರಿ ಇಲ್ಲ. ಒಂದೊಂದು ಉತ್ತರಕ್ಕೂ ಪರದೆ ಮೇಲಕ್ಕೆ ಸರಿಯುತ್ತಿತ್ತು. ಅವಳ ಸಾಲು ತುದಿಗೆ ಹೋಗಿ, ಮತ್ತೊಂದು ತಪ್ಪಿಗೆ ಮಾಯವಾಯಿತು. ಶಂಭುಲಿಂಗನ ಮುಖ ಸಪ್ಪಗಾದದ್ದನ್ನು ಅವಳು ಪರದೆಯ ಗಾಜಿನಲ್ಲಿ ನೋಡಿದಳು.

ಬೆನ್ನ ಹಿಂದೆ ವಿರೂಪಾಕ್ಷಪ್ಪ ಗಡಿಯಾರ ನೋಡುತ್ತಿದ್ದ. "ಬಳ್ಳಾರಿಗೆ ಫೋನ್ ಹಚ್ಚಲೇನ್ರಿ?"

"ಸುಮ್ಮ ಕೂಡ್ರಿ!" ಎಂದು ಅಪೇಕ್ಷಾ ಕಣ್ಣು ಮುಚ್ಚಿದಳು. ಯಾವ ಲೈಬ್ರರಿಯ ಹಂಗೂ ಇಲ್ಲದ ಪ್ರೋಗ್ರಾಂ ಒಂದಾದರೂ ಇರಬೇಕಲ್ಲ? ಇಂಥ ಆಪತ್ತಿಗೆಂದೇ ಮಾಡಿಟ್ಟದ್ದು? ಇತ್ತು. ಹೆಸರುಗಳನ್ನು ಜೋಡಿಸುವ ಒಂದು ಪುಟ್ಟ ಪ್ರೋಗ್ರಾಂ, ತನ್ನ ಬೇಕು ಬೇಡಗಳನ್ನೆಲ್ಲ ತನ್ನೊಳಗೇ ಕಟ್ಟಿಕೊಂಡದ್ದು. ಓದಿದ್ದಳು, ಎಂದೂ ಬಳಸಿರಲಿಲ್ಲ. ಹೆಸರನ್ನು ಹಳೆಯ ಲೈಬ್ರರಿಗೆ ತಿರುಗಿಸುವಂತೆ ಒಂದೊಂದೇ ಅಕ್ಷರ ಟೈಪ್ ಮಾಡಿ, ಎಂಟರ್ ಒತ್ತಿದಳು.

ತಪ್ಪಿನ ಸಾಲು ಬರಲಿಲ್ಲ.

ಫೈಲು ತೋರಿಸುವ ಕಮಾಂಡು ಮತ್ತೆ ಕೊಟ್ಟಳು. ಪರದೆ ತುಂಬ ಹೆಸರುಗಳು ಸುರಿದವು.

"ಎದ್ದಿತು!" ಎಂದು ಕೂಗಿದ್ದು ಅಪೇಕ್ಷಾ ಅಲ್ಲ, ವಿರೂಪಾಕ್ಷಪ್ಪ.

ಅರ್ಧ ನಿಂತಿದ್ದ ಅಪ್‌ಗ್ರೇಡನ್ನು ಅವಳು ಜೊತೆಗೆ ತಂದಿದ್ದ ಲ್ಯಾಪ್‌ಟಾಪಿನಿಂದ ಅಲ್ಲೇ ಕೂತು ಪೂರ್ತಿ ಮಾಡಿಯೇ ಬಿಟ್ಟಳು. ರೀಸ್ಟಾರ್ಟ್ ಕೂಡ ಮಾಡಿದಳು, ಎಲ್ಲರೂ ನೋಡಲಿ ಎಂದೇ. ಬಿಸಿಲು ಇಳಿಯುವ ಮೊದಲು ಅಂದಾನಪ್ಪನ ಲಾರಿ ತೂಕದ ತಟ್ಟೆಯ ಮೇಲೆ ಬಂದು ನಿಂತಿತು. ಪ್ರಿಂಟರು ಕರಕರ ಎಂದು ಸ್ಲಿಪ್ ಉಗುಳಿತು. ಅವನು ಹಾರ್ನ್ ಹೊಡೆದ, ಹಿಂದಿನವನೂ ಹೊಡೆದ, ಕೊನೆಗೆ ಗುಡ್ಡದವರೆಗೆ ನಿಂತ ಲಾರಿಗಳೆಲ್ಲ ಹೊಡೆದವು. ಅಷ್ಟೂ ಗದ್ದಲ ತನಗಾಗಿಯೇ ಎಂದು ಅಪೇಕ್ಷಾಳಿಗೆ ಗೊತ್ತಿತ್ತು, ಹೆಮ್ಮೆಯಿಂದ ಎದೆ ಉಬ್ಬಿತು.

ಸಾಹೇಬರು ಫೋನಿನಲ್ಲಿ ಭೇಷ್ ಎಂದರು. ಫೋನಿಟ್ಟು ಅವಳು ವರಾಂಡಕ್ಕೆ ಬಂದಾಗ ಶಂಭುಲಿಂಗ ನೀರಿನ ಚೊಂಬು ಹಿಡಿದು ನಿಂತಿದ್ದ.

"ಮುಖ ತೊಳ್ಕೊಳ್ರಿ ಮೇಡಂ."

"ಮೇಡಂ ಅನ್ನೋದು ಬಿಡ್ರಿ. ಹೇಳೋದು ಏನರ ಇದ್ರ ಈಗ ಹೇಳ್ರಿ, ಮತ್ತ ಲೈನ್ ಹೋದೀತು."

ಅವನು ಚೊಂಬು ಕೆಳಗಿಟ್ಟ. "ನೀವು ಬೈದ್ರ ನನ್ನ ದಿನ ಚಲೋ ಹೋಗ್ತೈತ್ರಿ. ಬೈಲಿಲ್ಲಂದ್ರ ಹೋಗಂಗಿಲ್ಲ. ನೀವಂದ್ರ ನನಗ ಭಾಳ ಇಷ್ಟ ರೀ." ಆಮೇಲೆ ದನಿ ತಗ್ಗಿಸಿದ. "ಆದ್ರ ನಾವು ವಿಭೂತಿ ಮಂದಿ. ನೀವು ಆಚಾರ್ರ ಮನಿಯವ್ರು."

"ಅದು ನನಗೇನು ಹೊಸಾ ಸುದ್ದೀನ?" ಅಪೇಕ್ಷಾ ಅಲ್ಲೇ ನಿಂತು ಮನೆಗೆ ಫೋನ್ ಹಚ್ಚಿದಳು. "ಅಪ್ಪಾ, ಕೆಲಸ ಉಳೀತು. ಹಂಗಾದ್ರ ಮಾತು ನಂದ, ಹೌದಲ್ಲ? ಹಂಗಾದ್ರ ಕೇಳ್ರಿ. ಹುಡುಗನ್ನ ನಾನ ನೋಡೀನಿ. ಇಲ್ಲೇ ಇದ್ದಾರ, ಕೊಡ್ತೀನಿ."

ಮ್ಯಾನೇಜರಿಗೆ ಹೆದರದ ಶಂಭುಲಿಂಗ ಈಗ ಅಂಗಿಯ ಗುಂಡಿ ಸರಿಮಾಡಿಕೊಂಡು ಫೋನು ಹಿಡಿದ. "ನಮಸ್ಕಾರ್ರಿ. ನಾನು ಶಂಭುಲಿಂಗ ರೀ. ಕಂಪ್ಲಿ ರೈಸ್ ಮಿಲ್ಲಿನವ್ರ ಮಗ."

ಅಪೇಕ್ಷಾ ಕಿವಿಯನ್ನು ಫೋನಿನ ಹಿಂಬದಿಗೆ ತಂದಳು, ಅವನ ಕೆನ್ನೆಗೆ ಅವಳ ಧೂಳು ಹತ್ತಿತು. ಆ ಕಡೆಯಿಂದ ಪ್ರಭಂಜನಾಚಾರ್ಯರ ದನಿ ಬಂತು.

"ನಮ್ಮನೀ ಅಡಿಗ್ಯಾಗ ಉಳ್ಳಾಗಡ್ಡಿ ಇರಂಗಿಲ್ಲ. ನಡೀತದೇನ್ರಿ ನಿಮಗ?"

"ನಡೀತೈತ್ರಿ!" ಎಂದ ಶಂಭುಲಿಂಗ, ಇಡೀ ಯಾರ್ಡಿಗೆ ಕೇಳುವಂತೆ.