ಉಪ್ಪಿನ ಬಯಲಿನ ಕೆಂಪು ವೇಲ್

ಗೋಡೆಯ ಮೇಲಿನ ಫೋಟೋ ಕಂಡು ವಿಜೇತಾಳ ಕಾಲು ಅಲ್ಲೇ ನಿಂತುಬಿಟ್ಟಿತು!

ಕಛ್‌ನ ಉಪ್ಪಿನ ಮರುಭೂಮಿ. ನೆಲವೆಲ್ಲಿ, ಆಕಾಶವೆಲ್ಲಿ ಎಂದೇ ತಿಳಿಯದಷ್ಟು ಬಿಳುಪು. ಅದರ ನಟ್ಟನಡುವೆ, ದೂರದಲ್ಲಿ... ಕೆಂಪು ಬಟ್ಟೆಯ ಒಬ್ಬಳು ಹುಡುಗಿ.

ಪಕ್ಕದ ಫೋಟೋದಲ್ಲೂ ಅವಳೇ. ಅದರಾಚೆಯದರಲ್ಲೂ!

'ಒಬ್ನೇ ಹೋತೆ ಅಂದಿದ್ನಲೆ...'

ಫೋಟೋ ತೆಗೆಯಲು ಕಛ್‌ಗೆ ಹೊರಡುವ ಮುನ್ನ ನಾವುಂದದ ಕಡಲ ದಂಡೆಯಲ್ಲಿ ಪ್ರಖ್ಯಾತ್ ಕೇಳಿದ್ದ, "ನನ್ ಮದಿ ಆತ್ಯಾ?" ಮದುವೆಯ ಮಾತಿಗೆ ನಾಚಿ, ಗಾಳಿಗೆ ಹಾರಿದ ವೇಲನ್ನೂ ಬಿಟ್ಟು ಓಡಿದ್ದಳು. ಇವತ್ತು ಸಂಜೆ ಅಪ್ಪ ಶಿರೂರಿನ ಗಂಡಿನವರಿಗೆ ಮಾತು ಕೊಡುವವರಿದ್ದರು. ಅದಕ್ಕೂ ಮೊದಲು ಇವನಿಗೆ 'ಹೂಂ' ಅನ್ನಲು ಕುಂದಾಪುರದ ಅವನ ಫೋಟೋ ಪ್ರದರ್ಶನಕ್ಕೆ ಓಡಿ ಬಂದರೆ, ಇದಾ ನೋಡಬೇಕಾದದ್ದು!

"ಹ್ವಾಯ್ ವಿಜೇತಾ! ಬಂದ್ಯಾ!" ಬಿಸಿಲಿಗೆ ಕಪ್ಪಾದ ಪ್ರಖ್ಯಾತ್ ಎದುರಿಗೆ ಬಂದ.

"ಯಾರದ್, ಆ ಕೆಂಪ್ ಬಟ್ಟೆ ಹೆಣ್ಣ್? ಇಷ್ಟ್ ದಿನ ಅವ್ಳೊಟ್ಟಿಗೆ ತಿರ್ಗಿದ್ಯಾ? ಅಪ್ಪಯ್ಯ ಶಿರೂರಿಗೇ ಮಾತ್ ಕೊಡ್ಲಿ!"

ಪ್ರಖ್ಯಾತ್ ದಂಗಾದ. ಮರುಕ್ಷಣ ನಕ್ಕೇಬಿಟ್ಟ.

"ನಗ್ತ್ಯಾ?!" ಅವಳ ಕಣ್ಣು ತುಂಬಿತು.

"ಅಳ್ಬ್ಯಾಡ ಮಾರಾಯ್ತಿ. ಆ ಕೊನೇ ಫೋಟೋ ಕಾಣ್. ಹತ್ರದಿಂದ ತೆಗ್ದದ್ದ್."

ನೋಡಿದಳು. ಹುಡುಗಿಯಲ್ಲ, ಒಂದು ಕೋಲು! ಅದರ ತುದಿಯಲ್ಲಿ ಹಾರುವ ಕೆಂಪು ವೇಲ್. ಮೂಲೆಯಲ್ಲಿ ಅಮ್ಮ ಹಳದಿ ನೂಲಿನಲ್ಲಿ ಹಾಕಿದ ಹೊಲಿಗೆ...

"ನನ್... ವೇಲ್!"

ಕಡಲಲ್ಲಿ ಬಲೆ ಬಿಟ್ಟ ಕಡೆ ಕೋಲಿಗೆ ಬಟ್ಟೆ ಕಟ್ಟಿ ತೇಲಿಬಿಡುವುದು ಅವಳ ಅಪ್ಪನ ನಿತ್ಯದ ಕೆಲಸ. ಬಟ್ಟೆ ಕಂಡರೆ ಸಾಕು, ಬಲೆ ಯಾರ ಮನೆಯದೆಂದು ಊರಿಗೇ ಗೊತ್ತು; ಬೇರೆ ಯಾರೂ ಮುಟ್ಟುವುದಿಲ್ಲ. ಮೀನುಗಾರನ ಮಗಳಿಗೇ ಗುರುತು ಸಿಗಲಿಲ್ಲವಲ್ಲ!

"ಅಲ್ಲಿ ದಾರಿ ಇಲ್ಲೆ, ಮರ ಇಲ್ಲೆ," ಅವನ ದನಿ ಮೆತ್ತಗಾಯಿತು. "ಫೋಟೋ ತೆಗುಕೆ ದೂರ ಹೋರೆ ವಾಪಾಸ್ ಬಪ್ಪುಕೆ ಗುರ್ತ್ ಬೇಕಲ್ದಾ? ನಿನ್ ವೇಲ್ ಕಂಡ್ಕಂಡೇ ತಿರ್ಗಿ ಬಂದೆ."

ವಿಜೇತಾ ಕಣ್ಣೊರೆಸಿಕೊಂಡು ಅಲ್ಲೇ ಫೋನ್ ಮಾಡಿದಳು.

"ಅಪ್ಪಯ್ಯಾ, ಶಿರೂರಿನವ್ರಿಗೆ ಬ್ಯಾಡ ಅಂದೇಳಿ ಹೇಳಿ... ಈ ಬಲೆಗೆ ಬಟ್ಟೆ ಕಟ್ಟಿ ಆಯ್ತ್!"

ಪ್ರಖ್ಯಾತ್ ಬಾಯಿ ಬಿಟ್ಟು ನಿಂತ. ಆಚೆಯಿಂದ ಅಪ್ಪನದು ಒಂದೇ ಪ್ರಶ್ನೆ.

"ಯಾರ್ ಬಟ್ಟೆ ಅದ್?"

"ನಂದೇ ಅಪ್ಪಯ್ಯ..."

"ಹಾಂಗಾರೆ ಬೇರೆಯವ್ರ್ ಮುಟ್ಟುಕಾಗ. ಕರ್ಕಂಡ್ ಬಾ ಅವ್ನನ್ನ್."

ಅವಳು ಫೋನ್ ಇಟ್ಟಳು. ಪ್ರಖ್ಯಾತ್ ಅವಳ ಕೈಯನ್ನು ಮೆಲ್ಲಗೆ ಹಿಡಿದ.

"ವೇಲ್ ವಾಪಾಸ್ ಬೇಕಾ?"

"ಬ್ಯಾಡ. ಮುಂದಿನ್ ಸಲ ಅಲ್ಲಿ ನಾನೇ ನಿಂತ್ಕಂತೆ."